ಮೇಳದ ಹೆಸರಿಗೆ ತಕ್ಕ ಅಕ್ಷರ

ಸಂಗೀತ ಮೇಳವೊಂದು ತನ್ನ ಹಾಡುಗಳನ್ನು ಧ್ವನಿಮುದ್ರಿಸಿ ಹೊರತರುವಾಗ ಮುಖಪುಟದ ಅಕ್ಷರಗಳ ಆಯ್ಕೆ ಸಾಮಾನ್ಯವಾಗಿ ಎಲ್ಲ ಕೆಲಸಗಳಿಗಿಂತ ಕೊನೆಗೆ ಉಳಿಯುತ್ತದೆ. ಹಾಡು ಸಿದ್ಧವಾಗಿ, ಕಲಾವಿದರ ಭಾವಚಿತ್ರ ತೆಗೆಸಿ, ಹಿನ್ನೆಲೆಯ ಬಣ್ಣವೂ ಗೊತ್ತಾದ ಮೇಲೆ, ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಇರುವ ಫಾಂಟುಗಳಲ್ಲಿ ದಪ್ಪಗೆ ಕಾಣುವ ಯಾವುದಾದರೊಂದನ್ನು ಆರಿಸಿ, ಅದರ ಸುತ್ತ ಒಂದು ಬಿಳಿಯ ಗೆರೆ ಎಳೆದು, ಹಿಂದೊಂದು ನೆರಳು ಹಚ್ಚಿದರೆ ಕೆಲಸ ಮುಗಿಯಿತೆಂದು ಭಾವಿಸಲಾಗುತ್ತದೆ. ಫಾಂಟ್ ಎಂದರೆ ಒಂದೇ ಶೈಲಿಯಲ್ಲಿ, ಒಂದೇ ದಪ್ಪದಲ್ಲಿ ರೂಪಿಸಿದ ಪೂರ್ಣ ಅಕ್ಷರಮಾಲೆ. ಅಚ್ಚುಕೂಟಗಳ ಕಾಲದಲ್ಲಿ ಅದು ಸೀಸದ ಮೊಳೆಗಳ ರೂಪದಲ್ಲಿ ಮರದ ಖಾನೆಗಳಲ್ಲಿರುತ್ತಿತ್ತು, ಈಗ ಕಂಪ್ಯೂಟರಿನ ಕಡತವಾಗಿದೆ. ಆ ಕಡತ ಎಷ್ಟೇ ಸೊಗಸಾಗಿದ್ದರೂ ಒಂದು ನಿರ್ದಿಷ್ಟ ಹೆಸರಿಗೆ ಅದು ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ ತೀರ್ಮಾನಿಸುವುದು ಬಹುಮಟ್ಟಿಗೆ ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳೇ ಎಂಬ ಸಂಗತಿಯನ್ನು ವಿನ್ಯಾಸದ ಮಾತುಕತೆಯಲ್ಲಿ ಯಾರೂ ಅಷ್ಟಾಗಿ ಎತ್ತುವುದಿಲ್ಲ.

ಕೃಷ್ಣೆ ಮತ್ತು ಘಟಪ್ರಭೆಗಳ ನಡುವಿನ ಗಲಗಲಿ, ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯನ್ನು ಈ ವಿಷಯದ ಪರೀಕ್ಷೆಗೆ ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಶ್ರೀಕೃಷ್ಣ ಪಾರಿಜಾತದ ಮೇಳಗಳು, ಕರಡಿ ಮಜಲು, ಡೊಳ್ಳಿನ ಹಾಡು, ಭಜನೆ, ಮದುವೆಯ ಮೆರವಣಿಗೆಗೆ ಬರುವ ಬ್ರಾಸ್ ಬ್ಯಾಂಡ್ ಮತ್ತು ಬ್ಯಾಂಜೊ ಪಾರ್ಟಿ ಇವೆಲ್ಲ ಒಂದೇ ಸೀಮೆಯ ಜಾತ್ರೆ ಮತ್ತು ಸುಗ್ಗಿಯ ಆಶ್ರಯದಲ್ಲಿ ಬದುಕಿರುವುದರಿಂದ, ಹಾಡುವವರ ಹೆಸರನ್ನು ಗೋಡೆಯ ಮೇಲೆ, ವಾದ್ಯದ ಮೇಲೆ, ಕರಪತ್ರದ ಮೇಲೆ ಬರೆಯುವ ಅಗತ್ಯ ಇಲ್ಲಿ ಹಳೆಯದು. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳಿದ್ದರಿಂದ ಮರಾಠಿಯ ದೇವನಾಗರಿ ಲಿಪಿ ಕಚೇರಿಯ ಕಾಗದದಲ್ಲೂ ಪೇಟೆಯ ಬೋರ್ಡಿನಲ್ಲೂ ಕನ್ನಡದ ನೆರೆಯಲ್ಲೇ ಬೆಳೆಯಿತು; ಎರಡು ಲಿಪಿಗಳ ಸ್ವಭಾವಕ್ಕಿರುವ ಅಂತರವೂ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಾಡಿಗೆ ಮುಖಪುಟವೆಂಬ ಕಲ್ಪನೆಯೇ ಇಲ್ಲದ ಕಾಲವನ್ನೂ ಈ ಸೀಮೆ ಬಲ್ಲದು. ಹರಿದಾಸ ಪರಂಪರೆಗೆ ಸೇರಿದ ಗಲಗಲಿ ಅವ್ವನವರ ಹಾಡುಗಳು ಹೆಣ್ಣುಮಕ್ಕಳ ಬಾಯಿಯಲ್ಲಿ, ಅವರು ಬರೆದಿಟ್ಟುಕೊಂಡ ವಹಿಗಳಲ್ಲಿ ಉಳಿದು ಬಂದವು.

ಹಾಡು ಮಾರಾಟದ ವಸ್ತುವಾದದ್ದು ಗ್ರಾಮಫೋನ್ ತಟ್ಟೆಯಿಂದ. 1902ರಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಹಾಡುಗಳನ್ನು ಧ್ವನಿಮುದ್ರಿಸಿದಾಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿದು ಸರಿಯಾದ ಲೇಬಲ್ ಅಂಟಿಸಲು ಅನುಕೂಲವಾಗಲೆಂದು ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆದ ಮೇಲೆ ಈ ತಾಪತ್ರಯ ತಪ್ಪಿತಾದರೂ, ಹತ್ತು ಇಂಚಿನ ತಟ್ಟೆಯ ನಟ್ಟನಡುವೆ ಇರುತ್ತಿದ್ದ ಸುಮಾರು ಮೂರು ಇಂಚಿನ ದುಂಡು ಲೇಬಲ್ಲಿನಲ್ಲಿ ಕಂಪನಿಯ ಮುದ್ರೆ ಮುಖ್ಯವಾಗಿ, ಹಾಡುವವರ ಹೆಸರು ರಂಧ್ರದ ಕೆಳಗಿನ ಇಕ್ಕಟ್ಟಿನಲ್ಲಿ ನಿಲ್ಲುವ ಪದ್ಧತಿ ದಶಕಗಳ ಕಾಲ ಮುಂದುವರಿಯಿತು. ತಟ್ಟೆಯನ್ನು ಸುತ್ತುವ ಕಂದು ಕಾಗದದ ಲಕೋಟೆ ಯಾವ ಹಾಡಿಗಾದರೂ ಒಂದೇ.

ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಮತ್ತು ಅವರ ಸಹೋದರಿ ಗೋಹರ್‌ಬಾಯಿ ಕರ್ನಾಟಕಿ ಇಂಥ ಲೇಬಲ್ಲುಗಳ ಯುಗದವರು. ಗೋಹರ್‌ಬಾಯಿ ಬಾಲಗಂಧರ್ವರ ನಾಟಕ ಮಂಡಳಿಯ ಮೂಲಕ ಮರಾಠಿ ರಂಗಭೂಮಿಯಲ್ಲಿ ಹೆಸರಾದರೆ, ಅಮೀರ್‌ಬಾಯಿ 1943ರ ‘ಕಿಸ್ಮತ್’ ಮತ್ತು 1944ರ ‘ರತನ್’ ಚಿತ್ರಗಳ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರನ್ನು ಹೊತ್ತಿತು. ಇಬ್ಬರೂ ಹೆಸರಿನ ಮುಂದೆ ನಾಡಿನ ಗುರುತನ್ನು ಧರಿಸಿದ್ದರು, ಆದರೆ ಆ ಗುರುತು ಹೆಚ್ಚಾಗಿ ಓದಿಗೆ ಸಿಕ್ಕಿದ್ದು ರೋಮನ್ ಮತ್ತು ದೇವನಾಗರಿ ಅಕ್ಷರಗಳಲ್ಲಿ. ಅದನ್ನು ಕನ್ನಡದಲ್ಲಿ ಬರೆದು ನೋಡಿದರೆ ಲಿಪಿಯ ಮೊದಲ ತೊಡಕು ಎದುರಾಗುತ್ತದೆ. ‘ಕರ್ನಾಟಕಿ’ ಎಂಬಲ್ಲಿ ರಕಾರ ಮೊದಲು ಉಚ್ಚಾರವಾದರೂ ಅದರ ಗುರುತಾದ ಅರ್ಕಾವೊತ್ತು ಮುಂದಿನ ಅಕ್ಷರದ ಬಲಕ್ಕೆ, ಅಂಕಿ ೯ನ್ನು ಹೋಲುವ ಆಕಾರದಲ್ಲಿ ಬಂದು ಕೂರುತ್ತದೆ. ಅಕ್ಷರದ ಗೆರೆ ಹೆಚ್ಚು ದಪ್ಪವಾದಾಗ ಅದರ ಒಳಗಿನ ಬಯಲು ಮುಚ್ಚಿಹೋಗಿ, ಪಕ್ಕದ ‘ಟ’ಕಾರಕ್ಕೆ ತಾಗಿ, ಹೆಸರಿನ ನಡುವೆ ಒಂದು ಕಪ್ಪು ಗಂಟು ಉಳಿಯುತ್ತದೆ.

ಚಿತ್ರ ಮತ್ತು ಅಕ್ಷರಗಳಿಂದ ಕೂಡಿದ ಮುಖಪುಟವು ತಟ್ಟೆಗೆ ಬಂದದ್ದು 1940ರಲ್ಲಿ, ಅಮೆರಿಕದ ಕೊಲಂಬಿಯ ಕಂಪನಿಗೆ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಕಲಾವಿದ ರೂಪಿಸಿದ ಲಕೋಟೆಯೊಂದಿಗೆ. ಮುಂದೆ ಅವರು ಸುರುಳಿ ಸುರುಳಿಯಾದ ತಮ್ಮದೇ ಕೈಬರಹವನ್ನು ಶೀರ್ಷಿಕೆಗಳಿಗೆ ಬಳಸಿದರು ಎಂಬುದು ಗಮನಾರ್ಹ. 1963ರಲ್ಲಿ ಬೀಟಲ್ಸ್ ತಂಡದ ಹೆಸರನ್ನು, ನಡುವಿನ ‘ಟಿ’ ಅಕ್ಷರದ ಕಾಲನ್ನು ಕೆಳಕ್ಕೆ ಇಳಿಸಿ ಬರೆದದ್ದೂ ಯಾವ ಮುಖಪುಟಕ್ಕಾಗಿಯೂ ಆಗಿರಲಿಲ್ಲ; ಲಂಡನ್ನಿನ ವಾದ್ಯದಂಗಡಿಯ ಮಾಲೀಕ ಐವರ್ ಆರ್ಬಿಟರ್ ಕಲ್ಪಿಸಿದ ಆ ರೂಪವನ್ನು ದೊಡ್ಡ ಡ್ರಮ್ಮಿನ ಚರ್ಮದ ಮೇಲೆ ಬರೆದವನು ಒಬ್ಬ ಬೋರ್ಡ್ ಪೇಂಟರ್. ಮೆರವಣಿಗೆಯ ಬ್ರಾಸ್ ಬ್ಯಾಂಡಿನವರು ದೊಡ್ಡ ಡ್ರಮ್ಮಿನ ಮೇಲೆ ಕಂಪನಿಯ ಹೆಸರು, ಊರು, ಮೊಬೈಲ್ ಸಂಖ್ಯೆ ಬರೆಸುವ ರೂಢಿ ಜಮಖಂಡಿ ಪೇಟೆಯಲ್ಲಿ ನಿಂತು ನೋಡುವವರಿಗೆ ಹೊಸದೇನಲ್ಲ. ಮೇಳದ ಹೆಸರು ಒಮ್ಮೆ ಕೈಯಿಂದ ಬರೆಯಬೇಕಾದ ವಸ್ತು, ಉಳಿದ ವಿವರಗಳು ಮಾತ್ರ ಸಿದ್ಧ ಮೊಳೆಯಿಂದ ಜೋಡಿಸಬೇಕಾದವು ಎಂಬ ವಿವೇಕ ಎರಡೂ ಕಡೆ ಕೆಲಸ ಮಾಡಿದೆ. ಕನ್ನಡದ ಮಟ್ಟಿಗೆ ಅದು ಇನ್ನಷ್ಟು ಖರೆ.

ಹೀಗೆ ಹೇಳಲು ಕನ್ನಡ ಲಿಪಿಯ ರಚನೆಯೇ ಆಧಾರ. ಕನ್ನಡದ ಅಕ್ಷರಕ್ಕೆ ಮೂರು ಅಂತಸ್ತುಗಳಿವೆ ಎನ್ನಬಹುದು: ಮೇಲೆ ತಲೆಕಟ್ಟು ಅಥವಾ ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು. ದೇವನಾಗರಿಯಲ್ಲಿ ಪದದ ಉದ್ದಕ್ಕೂ ಹರಿಯುವ ಶಿರೋರೇಖೆ ಅಕ್ಷರಗಳನ್ನು ಒಂದೇ ದಾರದಲ್ಲಿ ಹಿಡಿದಿಡುತ್ತದೆ ಮತ್ತು ಅಲ್ಲಿನ ಸಂಯುಕ್ತಾಕ್ಷರಗಳು ಬಹುಪಾಲು ಅಕ್ಕಪಕ್ಕದಲ್ಲೇ ಕೂಡಿಕೊಳ್ಳುತ್ತವೆ. ಕನ್ನಡದಲ್ಲಿ ತಲೆಕಟ್ಟು ಪ್ರತಿ ಅಕ್ಷರಕ್ಕೂ ಬೇರೆಬೇರೆ, ಸಂಯುಕ್ತದ ಎರಡನೆಯ ವ್ಯಂಜನವು ಸಾಲಿನಿಂದ ಕೆಳಕ್ಕೆ ಇಳಿಯುತ್ತದೆ. ಮರಾಠಿ ಬೋರ್ಡುಗಳ ಪ್ರಭಾವದಿಂದ ಕನ್ನಡದ ತಲೆಕಟ್ಟುಗಳನ್ನೂ ಒಂದೇ ಗೆರೆಯಾಗಿ ಬೆಸೆಯುವ ಪ್ರಯೋಗವುಂಟಾದರೂ, ಗುಡಿಸು ಬಂದ ಕಡೆಯಲ್ಲೆಲ್ಲ ಆ ಗೆರೆ ಕಡಿದುಹೋಗುವುದರಿಂದ ಅದು ಸಂಭ್ರಮದ ಪದವೊಂದಕ್ಕೆ ಹೊಂದೀತೇ ಹೊರತು ಪೂರ್ಣ ಶೀರ್ಷಿಕೆಗೆ ಹೊಂದುವುದಿಲ್ಲ.

‘ಗಲಗಲಿ’ ಎಂಬ ಹೆಸರು ವಿನ್ಯಾಸಕಾರನ ಭಾಗ್ಯ. ಒತ್ತಿಲ್ಲ, ಕೊಂಬಿಲ್ಲ, ಎರಡೇ ಮೂಲಾಕ್ಷರಗಳು ಒಂದಾದ ಮೇಲೊಂದು ಬಂದು ಕೊನೆಯಲ್ಲಿ ಗುಡಿಸು ಮಾತ್ರ ಮೇಲೆದ್ದು ನಿಲ್ಲುತ್ತದೆ. ಯಾವ ಫಾಂಟಿನಲ್ಲಿ ಹಾಕಿದರೂ ಸಾಲು ಕೆಡುವುದಿಲ್ಲ. ಆದರೆ ಆ ಸೀಮೆಯ ಮೇಳಗಳು ಹೆಚ್ಚು ಬರೆಸುವ ಹೆಸರು ‘ಶ್ರೀಕೃಷ್ಣ ಪಾರಿಜಾತ’, ಮತ್ತು ಕನ್ನಡದ ಫಾಂಟ್ ಪರೀಕ್ಷೆಗೆ ಇದಕ್ಕಿಂತ ಕಠಿಣವಾದ ಶೀರ್ಷಿಕೆಯನ್ನು ಬೇಕೆಂದೇ ಹುಡುಕಿದರೂ ಸಿಗುವುದು ಕಷ್ಟ. ಮೊದಲ ಪದದ ಮೂರು ಅಕ್ಷರಗಳಲ್ಲಿ ಒಂದಕ್ಕೆ ರಕಾರದ ಒತ್ತು, ಒಂದಕ್ಕೆ ವಟ್ರಸುಳಿ, ಒಂದಕ್ಕೆ ಣಕಾರದ ಒತ್ತು ಬಂದು ಮೂರೂ ಬೇರೆಬೇರೆ ಆಳಕ್ಕೆ, ಬೇರೆಬೇರೆ ದಿಕ್ಕಿಗೆ ಹೊರಳುತ್ತವೆ. ಎರಡನೆಯ ಪದದಲ್ಲಿ ಕೆಳಗಿಳಿಯುವ ಒಂದು ಗೆರೆಯೂ ಇಲ್ಲ. ಎರಡು ಪದಗಳನ್ನು ಒಂದೇ ಸಾಲಿನಲ್ಲಿಟ್ಟರೆ ಎಡಭಾಗ ಭಾರವಾಗಿ ಇಳಿಬಿದ್ದು ಬಲಭಾಗ ತೇಲುತ್ತದೆ. ಒಂದರ ಕೆಳಗೊಂದು ಇಟ್ಟರೆ ‘ಷ್ಣ’ದ ಒತ್ತು ಕೆಳಗಿನ ‘ರಿ’ ಅಥವಾ ‘ಜಾ’ದ ನೆತ್ತಿಗೆ ತಾಗುತ್ತದೆ. ಅದನ್ನು ತಪ್ಪಿಸಲು ಸಾಲುಗಳ ನಡುವಿನ ಅಂತರ ಹೆಚ್ಚಿಸಿದರೆ ಎರಡು ಪದಗಳು ಒಂದೇ ಹೆಸರೆಂಬ ಭಾವನೆ ಉಳಿಯುವುದಿಲ್ಲ.

ಕಂಪನಿ ನಾಟಕಗಳ ಭಿತ್ತಿಪತ್ರ ಮತ್ತು ಪರದೆಗಳನ್ನು ಬರೆದ ಪೇಂಟರುಗಳು ಈ ಸಮಸ್ಯೆಯನ್ನು ಕೈಯಿಂದಲೇ ಬಿಡಿಸಿದ್ದರು. ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ಕಂಪನಿಗಳು ಬನಹಟ್ಟಿಯಂಥ ಜಾತ್ರೆಯ ಊರುಗಳಲ್ಲಿ ಕ್ಯಾಂಪ್ ಹಾಕಿದಾಗ ನಾಟಕದ ಹೆಸರು ದೂರದಿಂದ, ಸಂಜೆಯ ಮಬ್ಬಿನಲ್ಲಿ, ನಡೆದು ಹೋಗುವವರಿಗೂ ಎತ್ತಿನ ಗಾಡಿಯಲ್ಲಿ ಕುಳಿತವರಿಗೂ ಓದಲು ಬರಬೇಕಿತ್ತು. ಪೇಂಟರನು ಒತ್ತನ್ನು ಅಕ್ಷರದ ಬಲಕ್ಕೆ ಜೋಲಲು ಬಿಡದೆ ಒಡಲಿನ ಅಡಿಗೇ ತಳ್ಳುತ್ತಾನೆ, ಕೆಳಗಿನ ಸಾಲಿನಲ್ಲಿ ಗುಡಿಸಿಲ್ಲದ ಅಕ್ಷರ ಎಲ್ಲಿದೆಯೆಂದು ನೋಡಿ ಆ ತಗ್ಗಿನಲ್ಲಿ ಮೇಲಿನ ಒತ್ತನ್ನು ಕೂರಿಸುತ್ತಾನೆ, ಒತ್ತೇ ಇಲ್ಲದ ಪದದ ಕೊನೆಯ ದೀರ್ಘವನ್ನು ಎಳೆದು ಕೆಳಗೆ ಒಂದು ಬಳ್ಳಿಯಂತೆ ಹರಿಸಿ ತೂಕ ಸರಿದೂಗಿಸುತ್ತಾನೆ. ಈ ಮೂರು ಉಪಾಯಗಳಲ್ಲಿ ಯಾವುದನ್ನೂ ಫಾಂಟ್ ತಾನಾಗಿ ಮಾಡಲಾರದು, ಏಕೆಂದರೆ ಮುಂದಿನ ಸಾಲಿನಲ್ಲಿ ಏನು ಬರುತ್ತದೆಂಬುದು ಅದಕ್ಕೆ ಗೊತ್ತಿಲ್ಲ.

ಒತ್ತು ಬಲಕ್ಕೆ ಜೋಲುವ ಅಭ್ಯಾಸವೂ ಮುದ್ರಣದಿಂದ ಗಟ್ಟಿಯಾದದ್ದು. ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಂಥ ಬಂಡೆಬರಹದಲ್ಲಿ ಒತ್ತಕ್ಷರ ಮೂಲ ಅಕ್ಷರದ ಕೆಳಗೇ ನೇರವಾಗಿ ನಿಲ್ಲುತ್ತದೆ. ಕಲ್ಲು ಕಡೆಯುವವನಿಗೆ ಕೆಳಗಿನ ಜಾಗ ಬೇಕಾದಷ್ಟಿತ್ತು. ಸೀಸದ ಮೊಳೆಯಲ್ಲಾದರೋ ಪ್ರತಿ ಅಕ್ಷರವೂ ಒಂದು ಆಯತಾಕಾರದ ಲೋಹದ ತುಂಡಾದ್ದರಿಂದ, ಒತ್ತಿಗೆ ಬೇರೆಯದೇ ಮೊಳೆ ಮಾಡಿ ಪಕ್ಕದಲ್ಲಿ ಜೋಡಿಸುವುದು ಅನಿವಾರ್ಯವಾಯಿತು. ಗದಗಿನ ಶಾಬಾದಿಮಠದಂಥ ಪ್ರಕಾಶನಗಳು ಹೊರತಂದ ನಾಟಕ ಮತ್ತು ಹಾಡಿನ ಪುಸ್ತಕಗಳ ಒಳಪುಟಗಳು ಈ ಜೋಡಣೆಯವು. ಅವುಗಳನ್ನು ಓದಿ ಬೆಳೆದ ಕಣ್ಣಿಗೆ ಅದೇ ಸಹಜ ರೂಪವಾಗಿದೆ. ಆದ್ದರಿಂದ ಪಾಠಕ್ಕೆ ಬಲಜೋಲುವ ಒತ್ತು, ಶೀರ್ಷಿಕೆಗೆ ಅಡಿಗೆ ಸೇರಿದ ಒತ್ತು ಎಂಬ ವಿಭಜನೆ ಯಾರೂ ವಿಧಿಸದೆಯೇ ಏರ್ಪಟ್ಟಿದೆ.

ಕಂಪ್ಯೂಟರ್ ಬಂದ ಮೇಲೆ ತೊಡಕು ಬೇರೆ ರೂಪ ತಳೆಯಿತು. 1998ರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಪುಣೆಯಿಂದ ಬಂದ ‘ಶ್ರೀಲಿಪಿ’ ಇವು ಡಿಟಿಪಿ ಅಂಗಡಿಗಳಿಗೆ ಕನ್ನಡವನ್ನು ತಂದವು. ಇವುಗಳ ಆರಂಭದ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಇಟ್ಟಿದ್ದವು. ಅಂಥ ಕಡತವನ್ನು ಆ ಫಾಂಟ್ ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನ ಕೊಡುವ ಯುನಿಕೋಡ್ ಪದ್ಧತಿ ಈ ಗೊಂದಲವನ್ನು ಪರಿಹರಿಸಿತಾದರೂ, ಮುಖಪುಟ ಮತ್ತು ಫ್ಲೆಕ್ಸ್ ರೂಪಿಸಲು ಬಳಸುವ ಕೋರೆಲ್‌ಡ್ರಾ, ಫೋಟೋಶಾಪ್‌ಗಳ ಹಳೆಯ ಆವೃತ್ತಿಗಳಲ್ಲಿ ಯುನಿಕೋಡಿನ ಒತ್ತುಗಳು ಬಿಡಿಬಿಡಿಯಾಗಿ ಒಡೆದು ಬರುತ್ತಿದ್ದುದರಿಂದ ಅಂಗಡಿಯವರು ಹಳೆಯ ನುಡಿ ಫಾಂಟುಗಳನ್ನೇ ಹಿಡಿದುಕೊಂಡರು. ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ಒಂದು ದಶಕದ ಕನ್ನಡ ಕ್ಯಾಸೆಟ್ಟು, ಸಿಡಿಗಳ ಮುಖಗಳು ಒಂದೇ ಅಂಗಡಿಯಲ್ಲಿ ಹುಟ್ಟಿದಂತೆ ಕಾಣುವುದಕ್ಕೆ ರುಚಿಯ ಕೊರತೆಗಿಂತ ಈ ತಾಂತ್ರಿಕ ಕಟ್ಟು ಹೆಚ್ಚಿನ ಕಾರಣ.

ಈಗ ಆಯ್ಕೆ ವಿಸ್ತಾರವಾಗಿದೆ. ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ತುಂಬು ಗಲ್ಲದ, ದುಂಡನೆಯ, ನಗುಮುಖದ ಅಕ್ಷರ. ಮಕ್ಕಳ ಹಾಡಿಗೆ, ಹಾಸ್ಯದ ಕಾರ್ಯಕ್ರಮಕ್ಕೆ ಒಪ್ಪುತ್ತದೆ, ಆದರೆ ಅದರ ಅತಿ ದಪ್ಪದ ರೂಪದಲ್ಲಿ ‘ಮುಧೋಳ’ ಎಂದು ಬರೆದು ಚಿಕ್ಕದಾಗಿಸಿದರೆ ‘ಧ’ದ ತಳದ ಕಿರುಸೀಳು ಮುಚ್ಚಿ ‘ದ’ ಎಂದೇ ಓದಿಸಿಕೊಳ್ಳುವ ಅಪಾಯವಿದೆ. ಬಕಾರ-ಭಕಾರ, ಡಕಾರ-ಢಕಾರಗಳಿಗೂ ಇದೇ ಎಚ್ಚರ ಬೇಕು. ಅದೇ ಸಂಸ್ಥೆಯ ‘ಅನೇಕ್ ಕನ್ನಡ’ದಲ್ಲಿ ಗೆರೆಯ ದಪ್ಪವನ್ನಷ್ಟೇ ಅಲ್ಲದೆ ಅಕ್ಷರದ ಅಗಲವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು, ಉದ್ದ ಹೆಸರಿನ ಮೇಳಗಳಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಸಾಮಾನ್ಯ ಫಾಂಟನ್ನು ಪರದೆಯ ಮೇಲೆ ಎಳೆದು ಕುಗ್ಗಿಸಿದಾಗ ನಿಲುಗೆರೆ ಸಣ್ಣದಾಗಿ ಅಡ್ಡಗೆರೆ ದಪ್ಪವಾಗಿಯೇ ಉಳಿದು ಅಕ್ಷರ ಸೊರಗುತ್ತದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ ಲೇಖನಿಯ ಚಲನೆಯನ್ನು ಉಳಿಸಿಕೊಂಡಿರುವ, ಒಂದೇ ತೂಕದ ಫಾಂಟ್; ಇವೆಲ್ಲವುಗಳಲ್ಲಿ ಜಾನಪದ ಮೇಳದ ಮುಖಪುಟಕ್ಕೆ ಹತ್ತಿರವಾದದ್ದು ಇದೇ. ಎರಿನ್ ಮೆಕ್‌ಲಾಫ್ಲಿನ್ ರೂಪಿಸಿದ ‘ಹುಬ್ಬಳ್ಳಿ’ ಹೆಸರಿನಲ್ಲಿ ಉತ್ತರ ಕರ್ನಾಟಕದ್ದಾದರೂ ಅದರ ಒಂದೇ ಸಮನಾದ ತೆಳುಗೆರೆ ಜಾತ್ರೆಯ ಗೋಡೆಯ ಮೇಲೆ ಉಳಿಯದು. ಹಾಡುಗಾರರ, ವಾದ್ಯಗಾರರ ಹೆಸರುಗಳಿಗೆ ಬಳಸಿದರೆ ಚೆಂದ. ಟೈರೊ ಕನ್ನಡ ಮತ್ತು ನೋಟೊ ಸೆರಿಫ್ ಕನ್ನಡ ಪುಸ್ತಕದ ಗಾಂಭೀರ್ಯವುಳ್ಳವು: ಗಲಗಲಿ ಅವ್ವನವರ ಹಾಡುಗಳ ಸಂಪುಟವೊಂದು ಬಂದರೆ ಜೊತೆಯ ಕಿರುಹೊತ್ತಗೆಯ ಪಾಠಕ್ಕೆ ಅವನ್ನು ಧೈರ್ಯವಾಗಿ ಬಳಸಬಹುದು. ಇವೆಲ್ಲ ಮುಕ್ತ ಪರವಾನಗಿಯಡಿ ದೊರೆಯುವುದರಿಂದ, ಫಾಂಟನ್ನೇ ಪ್ರತ್ಯೇಕವಾಗಿ ಮಾರದ ಹೊರತು, ಮಾರಾಟದ ಮುಖಪುಟಕ್ಕೂ ಜಾಹೀರಾತಿಗೂ ಹಣ ಕೊಡದೆ ಬಳಸಲು ಅಡ್ಡಿಯಿಲ್ಲ.

ಪ್ರಾಚೀನತೆಯನ್ನು ಸೂಚಿಸಲು ಶಾಸನಾಕ್ಷರವನ್ನು ಅನುಕರಿಸುವ ಆಸೆ ಬಾದಾಮಿ, ಐಹೊಳೆಗಳ ಜಿಲ್ಲೆಯಲ್ಲಿ ಸಹಜವಾಗಿ ಹುಟ್ಟುತ್ತದೆ. ಆದರೆ ಚಾಲುಕ್ಯರ ಕಾಲದ ಅಕ್ಷರರೂಪ ಇಂದಿನ ಓದುಗನಿಗೆ ಅಪರಿಚಿತವಾದ್ದರಿಂದ ಅಲ್ಲಿಂದ ತರಬೇಕಾದದ್ದು ಆಕಾರವನ್ನಲ್ಲ, ಅಕ್ಷರಗಳ ನಡುವೆ ಬಿಟ್ಟ ಬಯಲನ್ನು ಮತ್ತು ಒತ್ತಿನ ನಿಲುವನ್ನು. ಇಂಗ್ಲಿಷಿನ ರಾಕ್ ಬ್ಯಾಂಡುಗಳ ಮುಳ್ಳುಮುಳ್ಳಾದ ಅಕ್ಷರವನ್ನು ಕನ್ನಡಕ್ಕೆ ಹೊಂದಿಸುವ ಪ್ರಯತ್ನವೂ ಬೆಂಗಳೂರಿನ ತಂಡಗಳ ನಂತರ ಸಣ್ಣ ಊರುಗಳಿಗೆ ತಲುಪಿದೆ. ದುಂಡುಗೆರೆಯಿಂದಲೇ ಅರ್ಥ ಕೊಡುವ ಲಿಪಿಗೆ ಮೂಲೆಗಳನ್ನು ತುರುಕಿದಾಗ ‘ವ’, ‘ಮ’, ‘ಪ’ಗಳು ಒಂದನ್ನೊಂದು ಹೋಲತೊಡಗುತ್ತವೆ, ಅಷ್ಟೇ.

ಅಳತೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಹನ್ನೆರಡು ಇಂಚಿನ ಎಲ್‌ಪಿ ತಟ್ಟೆಯ ಲಕೋಟೆಯ ಮೇಲೆ ಒತ್ತು ಎಷ್ಟು ಇಳಿದರೂ ಜಾಗವಿತ್ತು. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟಿನ ಪೆಟ್ಟಿಗೆಯ ಮುಖ ಸುಮಾರು 10 ಸೆಂಟಿಮೀಟರ್ ಉದ್ದ, ಆರೂವರೆ ಸೆಂಟಿಮೀಟರ್ ಅಗಲ. ಬೆನ್ನು ಸುಮಾರು ಒಂದೂಕಾಲು ಸೆಂಟಿಮೀಟರ್ ಮಾತ್ರ. 1978ರ ‘ನಿತ್ಯೋತ್ಸವ’ದಿಂದ ಭಾವಗೀತೆಗಳ ಕ್ಯಾಸೆಟ್ ಯುಗ ಆರಂಭವಾದ ಮೇಲೆ ಅಂಗಡಿಯ ಕಪಾಟಿನಲ್ಲಿ ಗಿರಾಕಿಗೆ ಕಾಣುತ್ತಿದ್ದುದು ಈ ಬೆನ್ನು ಮಾತ್ರ, ಮತ್ತು ಆ ಪಟ್ಟಿಯಲ್ಲಿ ಗುಡಿಸು ಹಾಗೂ ಒತ್ತುಗಳಿಗೆ ಮೇಲೆ ಕೆಳಗೆ ಜಾಗ ಬಿಟ್ಟ ಮೇಲೆ ಅಕ್ಷರದ ಒಡಲಿಗೆ ಉಳಿಯುತ್ತಿದ್ದುದು ಅರ್ಧಕ್ಕಿಂತ ಕಡಿಮೆ. ಇಂದಿನ ಜನಪದ ಹಾಡು ಯೂಟ್ಯೂಬಿಗೆ ಹೋಗುವಾಗ ಅದರ ಮುಖಚಿತ್ರವನ್ನು 1280 ಅಡ್ಡ 720 ಚುಕ್ಕಿಗಳ ಅಳತೆಯಲ್ಲಿ ಸಿದ್ಧಪಡಿಸುತ್ತಾರೆ, ಆದರೆ ಕೇಳುಗನು ಅದನ್ನು ನೋಡುವುದು ಮೊಬೈಲಿನ ಪಟ್ಟಿಯಲ್ಲಿ ಎರಡು ಬೆರಳಗಲದ ಆಯತವಾಗಿ. ರೂಪಿಸುವಾಗ ಪರದೆಯ ತುಂಬ ಹರಡಿದ ಶೀರ್ಷಿಕೆಯನ್ನು ಒಮ್ಮೆ ಆ ಅಳತೆಗೆ ಇಳಿಸಿ ನೋಡುವ ಶಿಸ್ತು ಇದ್ದರೆ ಹೊರಗೆರೆ, ನೆರಳು, ಬಂಗಾರದ ಹೊಳಪುಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಉದುರುತ್ತವೆ.

ಮುಖಪುಟ ಮತ್ತು ಜಾಹೀರಾತು ಒಂದೇ ಫಾಂಟಿನಲ್ಲಿರಬೇಕೆಂಬ ನಿಯಮವನ್ನು ವಿನ್ಯಾಸದ ಪಠ್ಯಗಳು ಹೇಳುವುದುಂಟು. ಕನ್ನಡದ ಮೇಳಗಳಿಗೆ ಅದನ್ನು ಸಡಿಲಿಸಿಕೊಳ್ಳುವುದೇ ಉಚಿತ. ಕೈಯಿಂದ ಬರೆದ ಹೆಸರು ಎರಡರಲ್ಲೂ ಒಂದೇ ಆಗಿರಲಿ. ಅದನ್ನು ಒಮ್ಮೆ ಪೇಂಟರನಿಂದ ಕಾಗದದ ಮೇಲೆ ಬರೆಸಿ, ಸ್ಕ್ಯಾನ್ ಮಾಡಿ, ಗೆರೆಚಿತ್ರವಾಗಿ ಪರಿವರ್ತಿಸಿಟ್ಟುಕೊಂಡರೆ ಡ್ರಮ್ಮಿಗೂ ಫ್ಲೆಕ್ಸಿಗೂ ಮೊಬೈಲಿಗೂ ಅದೇ ನಡೆಯುತ್ತದೆ, ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರ ಒಡೆಯುವ ಭಯವೂ ಇರುವುದಿಲ್ಲ. ಉಳಿದ ವಿವರಗಳಲ್ಲಿ ಮುಖಪುಟ ನಿಧಾನವಾಗಿ ಓದುವವನಿಗೆ, ಜಾಹೀರಾತು ಅವಸರದಲ್ಲಿರುವವನಿಗೆ. ಪತ್ರಿಕೆಯ ಕಾಲಂ ಅಗಲದ ಕಪ್ಪುಬಿಳುಪು ಜಾಹೀರಾತಿನಲ್ಲಿ ತೆಳುಗೆರೆ ಶಾಯಿಯಲ್ಲಿ ಮುಳುಗುತ್ತದೆ, ಅತಿ ದಪ್ಪದ ಗೆರೆ ಹರಡಿ ಒಂದಾಗುತ್ತದೆ. ಮಧ್ಯಮ ದಪ್ಪದ, ಒಳಬಯಲು ತೆರೆದಿರುವ ಫಾಂಟ್ ಅಲ್ಲಿಗೆ ತಕ್ಕದ್ದು.

ಜಾಹೀರಾತಿನಲ್ಲಿ ಅಂಕಿಗಳದು ಇನ್ನೊಂದು ವಿಚಾರ. ದಿನಾಂಕ ಮತ್ತು ವೇಳೆಗೆ ಕನ್ನಡ ಅಂಕಿಗಳನ್ನು ಬಳಸಿದರೆ ಕರಪತ್ರಕ್ಕೆ ಒಂದು ಒಪ್ಪ ಬರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ೦ ಮತ್ತು ೧ ಅನೇಕ ಫಾಂಟುಗಳಲ್ಲಿ ಸಣ್ಣ ಗಾತ್ರದಲ್ಲಿ ಗುರುತು ಸಿಗದಷ್ಟು ಹತ್ತಿರವಾಗುತ್ತವೆ, ಮೊಬೈಲಿನ ಗುಂಡಿಗಳ ಮೇಲೆ ಇರುವುದು 0 ಮತ್ತು 1. ಮದುವೆಗೆ ಬ್ಯಾಂಡ್ ಹೇಳಲು, ಜಾತ್ರೆಗೆ ಪಾರಿಜಾತದ ಮೇಳ ಕರೆಸಲು ಬರುವ ಕರೆ ಆ ಹತ್ತು ಅಂಕಿಗಳ ಮೇಲೆ ನಿಂತಿರುವುದರಿಂದ, ಅವನ್ನು ಬೇರೆ ಅಂಕಿಗಳಿಗಿಂತ ಒಂದು ಪಟ್ಟು ದೊಡ್ಡದಾಗಿ, ಐದೈದರ ಎರಡು ಗುಂಪುಗಳಾಗಿ ಬಿಡಿಸಿ, ಕಪ್ಪಿನ ಮೇಲೆ ಬಿಳಿ ಅಥವಾ ಹಳದಿಯ ಮೇಲೆ ಕಪ್ಪು ಅಂಕಿಗಳಲ್ಲಿ ಹಾಕಿಸುವ ಬ್ಯಾಂಡ್ ಮಾಲೀಕನ ಲೆಕ್ಕಾಚಾರದಲ್ಲಿ ತಿದ್ದುವಂಥದ್ದೇನೂ ಇಲ್ಲ.